ವರ್ಡ್‌ಪ್ರೆಸ್ ಸುದ್ದಿಯನ್ನು ಇನ್‌ಡಿಸೈನ್ ಪುಟಕ್ಕೆ ಇಳಿಸುವುದು ಹೇಗೆ?

ಕೋಲಾರದ ಎಪಿಎಂಸಿ ಟೊಮೆಟೊ ದರವನ್ನು ವೆಬ್‌ಗೊಮ್ಮೆ, ಪುಟಕ್ಕೊಮ್ಮೆ ಟೈಪ್ ಮಾಡಬೇಕಿಲ್ಲ. ವೆಬ್‌ಸೈಟ್ ನಡೆಸುವ ವರ್ಡ್‌ಪ್ರೆಸ್‌ಗೂ ಪತ್ರಿಕೆಯ ಪುಟ ಕಟ್ಟುವ ಇನ್‌ಡಿಸೈನ್‌ಗೂ ನಡುವೆ ಒಂದು ಎಕ್ಸ್‌ಎಂಎಲ್ ಕಡತ (ಪ್ರತಿ ಭಾಗಕ್ಕೂ ಹೆಸರಿನ ಟ್ಯಾಗ್ ಹಚ್ಚಿದ ಪಠ್ಯ) ಸಾಕು. ವರ್ಡ್‌ಪ್ರೆಸ್‌ನ ಮಾಮೂಲಿ ಎಕ್ಸ್‌ಪೋರ್ಟ್ ಮಾತ್ರ ಇದಕ್ಕಾಗದು. ಅದರಲ್ಲಿ ಲೇಖನದ ಎಚ್‌ಟಿಎಂಎಲ್ ಇಡಿಯಾಗಿ ಸಿಡೇಟಾದೊಳಗೆ (ಟ್ಯಾಗ್ ಎಂದು ಓದಬೇಡ ಎಂದು ಗುರುತಿಟ್ಟ ಭಾಗ) ಕೂತಿರುತ್ತದೆ, ಇನ್‌ಡಿಸೈನ್ ಅದನ್ನು ಬರೀ ಅಕ್ಷರವೆಂದು ಓದುತ್ತದೆ. ಶೀರ್ಷಿಕೆ, ಬೈಲೈನ್, ಪ್ಯಾರಾ, ಚಿತ್ರ ಇವಕ್ಕೆ ಬೇರೆ ಬೇರೆ ಟ್ಯಾಗ್ ಕೊಟ್ಟು ಎಕ್ಸ್‌ಎಂಎಲ್ ಹೊರತರುವ ಟೆಂಪ್ಲೇಟ್ ಬರೆಸಿಕೊಳ್ಳಿ.

ಪ್ರತಿ ಪ್ಯಾರಾದ ಕೊನೆಗೆ ಒಂದು ಹೊಸ ಸಾಲು ಇರಲೇಬೇಕು, ಇಲ್ಲದಿದ್ದರೆ ಇಡೀ ಸುದ್ದಿ ಒಂದೇ ಪ್ಯಾರಾ ಆಗಿ ಅಂಟಿಕೊಳ್ಳುತ್ತದೆ. ಇಂಪೋರ್ಟ್ ಆದಮೇಲೆ 'ಮ್ಯಾಪ್ ಟ್ಯಾಗ್ಸ್ ಟು ಸ್ಟೈಲ್ಸ್' ಒತ್ತಿ ಸ್ಟೈಲ್ ಹೊಂದಿಸಿ.

ಹೆಚ್ಚು ಕೈಕೊಡುವುದು ಕನ್ನಡವೇ. ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಚದುರುತ್ತವೆ. ಫಾಂಟ್ ಯೂನಿಕೋಡ್‌ನದೇ ಇರಲಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆಯ ಆಸ್ಕಿ ಫಾಂಟ್ ಹಾಕಿದರೆ ಅಕ್ಷರವೇ ಮೂಡದು. ಟೆಂಪ್ಲೇಟ್, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಅಗೋಚರ ಚಿಹ್ನೆಯನ್ನು (ZWNJ) ಅಳಿಸಿದರೆ 'ಬಸ್‌ನಲ್ಲಿ' ಹೋಗಿ 'ಬಸ್ನಲ್ಲಿ' ಎಂದು ಅಚ್ಚಾಗುತ್ತದೆ. ಇದನ್ನು ಪ್ರೂಫ್‌ನಲ್ಲಿ ಕಣ್ಣಿಟ್ಟು ನೋಡಿ.

ಚಿತ್ರಕ್ಕೆ ವೆಬ್‌ನ ಸಣ್ಣ ಪ್ರತಿ ಬೇಡ, ಮೂಲ ಕಡತವನ್ನೇ ಲಿಂಕ್ ಮಾಡಿ: 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 4 ಇಂಚು ಅಗಲಕ್ಕೆ 1200 ಪಿಕ್ಸೆಲ್ ಬೇಕು.