ಡಿವಿಆರ್ ಮುಟ್ಟುವ ಮೊದಲು ಗಡಿಯಾರ ನೋಡಿ

ಹೊಸನಗರ ಕಡೆಯ ಒಂದು ಮನೆ. ಡಿಸೆಂಬರ್ ತಿಂಗಳು. ಬೇಯಿಸಿದ ಅಡಿಕೆ ಅಂಗಳದ ತುಂಬ ಒಣಗುತ್ತಿತ್ತು. ಅದರಲ್ಲಿ ಒಂದಿಷ್ಟನ್ನು ಯಾರೋ ರಾತ್ರಿ ಮೂಟೆ ಕಟ್ಟಿಕೊಂಡು ಹೋಗಿದ್ದರು. ಸಿಸಿಟಿವಿ ವಿಡಿಯೋ ಪರೀಕ್ಷಿಸಲು ತನಿಖೆಯವರು ಕರೆದರೆಂದು ನಾನು ಶಿವಮೊಗ್ಗದಿಂದ ಹೊರಟದ್ದು ಒಂಬತ್ತನೇ ದಿನ.

ಯಜಮಾನರು ಮೊಬೈಲ್ ಹಿಡಿದುಕೊಂಡೇ ಬಂದರು. "ವಿಡಿಯೋ ಇದರಲ್ಲೇ ಇದೆಯಲ್ಲ ಮಾರಾಯ್ರೆ, ಆ ಪೆಟ್ಟಿಗೆ ಎಂತಕ್ಕೆ?" ಪೆಟ್ಟಿಗೆ ಅಂದರೆ ಡಿವಿಆರ್, ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸಿಡುವ ಯಂತ್ರ. ಟಿವಿಯಲ್ಲಿ ಓಡುತ್ತಿದ್ದ ಅದರ ದೃಶ್ಯವನ್ನು ಮೊಬೈಲಲ್ಲಿ ಹಿಡಿದು ವಾಟ್ಸಾಪಿನಲ್ಲಿ ಕಳಿಸಿದ್ದರು. ಮೂಲೆಯಲ್ಲಿ ಬೆಳಗಿನ ಜಾವ 3:40 ಅಂತ ಇತ್ತು. ಆ 3:40 ನಂಬಿಕೊಂಡು, ರಾತ್ರಿ 2 ಗಂಟೆಗೆ ಬಸ್ ಇಳಿದು ಊರಿಗೆ ಬಂದ ಒಬ್ಬ ಕೆಲಸದ ಹುಡುಗನ ಮೇಲೆ ಎಲ್ಲರೂ ಅನುಮಾನ ಪಟ್ಟಿದ್ದರು. ವಿಡಿಯೋದಲ್ಲಿದ್ದವನ ಜರ್ಕಿನ್ ಬಿಳಿ, ಹುಡುಗನದ್ದೂ ಬಿಳಿ. ಸಾಕಲ್ವಾ?

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಡಿವಿಆರ್ ಮುಂದೆ ಕೂತ ಕೂಡಲೇ ವಿಡಿಯೋ ಹುಡುಕಬೇಡಿ. ವೈರ್ ಎಳೆಯಬೇಡಿ. ಮೊದಲು ಗಡಿಯಾರ ನೋಡಿ.

ಲೈವ್ ದೃಶ್ಯ ತೆರೆಯಿರಿ. ಸಮಯ ತಾನಾಗೇ ಹೊಂದಿಕೊಳ್ಳುವಂತೆ ಇಟ್ಟ ಒಂದು ಫೋನನ್ನು ಪರದೆಯ ಪಕ್ಕ ಹಿಡಿಯಿರಿ. ಎರಡೂ ಗಡಿಯಾರ ಒಂದೇ ಚಿತ್ರದಲ್ಲಿ ಬರುವ ಹಾಗೆ ಇನ್ನೊಂದು ಕ್ಯಾಮೆರಾದಲ್ಲಿ ಫೋಟೋ ತೆಗೆಯಿರಿ. ಅವತ್ತು ನನ್ನ ಫೋಟೋದಲ್ಲಿ ಡಿವಿಆರ್ 6:52 ತೋರಿಸುತ್ತಿತ್ತು, ಫೋನ್ 4:18. ಡಿವಿಆರ್ 2 ಗಂಟೆ 34 ನಿಮಿಷ ಮುಂದಿತ್ತು.

ಅದರಲ್ಲಿ 2 ಗಂಟೆ 30 ನಿಮಿಷ ಎಲ್ಲಿಂದ ಬಂತು ಅಂತ ಗೊತ್ತಾಗಲು ಮೆನುವಿನಲ್ಲಿ ಟೈಮ್ ಝೋನ್ ನೋಡಿದರೆ ಸಾಕು. ನಮ್ಮದು ಜಿಎಂಟಿಗಿಂತ 5 ಗಂಟೆ 30 ನಿಮಿಷ ಮುಂದೆ, ಚೀನಾದ್ದು 8 ಗಂಟೆ ಮುಂದೆ. ಪೆಟ್ಟಿಗೆಯಲ್ಲಿ ಚೀನಾದ ಝೋನ್ ಹಾಗೇ ಉಳಿದಿತ್ತು. ಉಳಿದ 4 ನಿಮಿಷ ಗಡಿಯಾರ ಸುಮ್ನೆ ಓಡಿ ಓಡಿ ಜಾರಿದ್ದು.

ಆದರೆ ಇವತ್ತಿನ ವ್ಯತ್ಯಾಸ ಕಳ್ಳತನದ ರಾತ್ರಿಯೂ ಇಷ್ಟೇ ಇತ್ತು ಅಂತ ಹೇಗೆ ಹೇಳುತ್ತೀರಿ? ಅದಕ್ಕೆ ವಿಡಿಯೋದ ಒಳಗೇ ಒಂದು ಗುರುತು ಹುಡುಕಬೇಕು. ಅಂಗಡಿಯಾದರೆ ಯುಪಿಐ ಪಾವತಿ ಒಳ್ಳೆಯ ಗುರುತು. ಗಿರಾಕಿ ಸ್ಕ್ಯಾನ್ ಮಾಡುವುದು ಕ್ಯಾಮೆರಾದಲ್ಲಿರುತ್ತದೆ, ದುಡ್ಡು ಬಂದ ಸಮಯ ಫೋನಿನಲ್ಲಿರುತ್ತದೆ. ಇಲ್ಲಿ ಯಜಮಾನರು ಕಳ್ಳತನ ಗೊತ್ತಾದ ಬೆಳಿಗ್ಗೆ ಅಂಗಳದಲ್ಲಿ ನಿಂತು ತಮ್ಮನಿಗೆ ಫೋನ್ ಮಾಡಿದ್ದು ಸಿಕ್ಕಿತು. ಕಿವಿಗೆ ಫೋನ್ ಇಟ್ಟಾಗ ವಿಡಿಯೋದಲ್ಲಿ 9:46. ಅವರ ಕಾಲ್ ಲಿಸ್ಟಿನಲ್ಲಿ 7:12. ಅದೇ 2 ಗಂಟೆ 34 ನಿಮಿಷ. ಅಂದರೆ 3:40 ಅಂತ ಕಂಡದ್ದು ನಿಜವಾಗಿ ರಾತ್ರಿ 1:06. ಆಗ ಆ ಹುಡುಗ ಇನ್ನೂ ಬಸ್ಸಿನಲ್ಲಿದ್ದ.

ಗಡಿಯಾರದ ಫೋಟೋ ಆಗುವ ತನಕ ಕರೆಂಟ್ ತೆಗೆಯಬೇಡಿ ಅನ್ನುವುದಕ್ಕೆ ಕಾರಣ ಇದೆ. ಡಿವಿಆರ್ ಒಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದು ಸತ್ತಿದ್ದರೆ, ಕರೆಂಟ್ ಹೋದ ಕೂಡಲೇ ತಾರೀಕು 2000ಕ್ಕೋ 1970ಕ್ಕೋ ಹೋಗಿಬಿಡಬಹುದು. ಆಮೇಲೆ ವ್ಯತ್ಯಾಸ ಅಳೆಯಲು ಏನೂ ಉಳಿಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತು. "ಆ ದಿನದ ರೆಕಾರ್ಡಿಂಗೇ ಇಲ್ಲ" ಅಂತ ಯಾರಾದರೂ ಅಂದರೆ ಆ ಹಳೇ ತಾರೀಕುಗಳಲ್ಲೂ ಒಮ್ಮೆ ಹುಡುಕಿ.

ಇನ್ನು ಎಷ್ಟು ದಿನ ಉಳಿದಿದೆ ಅಂತ ಲೆಕ್ಕ ಹಾಕಿ. ಆ ಮನೆಯಲ್ಲಿ ನಾಲ್ಕು ಕ್ಯಾಮೆರಾ, 1 ಟಿಬಿ ಡಿಸ್ಕ್. ಒಂದೊಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಹಿಡಿದರೆ ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ 86 ಜಿಬಿ ಚಿಲ್ಲರೆ. ಹನ್ನೊಂದೂವರೆ ದಿನಕ್ಕೆ ಡಿಸ್ಕ್ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುವಾಗುತ್ತದೆ. ಒಂಬತ್ತನೇ ದಿನ ಹೋಗಿದ್ದ ನನಗೆ ಇದ್ದದ್ದು ಎರಡೂವರೆ ದಿನ. ಇಂಟರ್‌ನೆಟ್ ಕೇಬಲ್ ತೆಗೆಯಿರಿ, ದೂರದಿಂದ ಯಾರೂ ಅಳಿಸಬಾರದು. ಆಮೇಲೆ ಮೆನುವಿನಲ್ಲಿ ರೆಕಾರ್ಡಿಂಗ್ ನಿಲ್ಲಿಸಿ. ಪ್ರತಿಯೊಂದನ್ನೂ ಎಷ್ಟು ಗಂಟೆಗೆ ಮಾಡಿದಿರಿ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಪೆನ್‌ಡ್ರೈವಿಗೆ ತೆಗೆಯುವಾಗ ಡಿವಿಆರ್‌ನ ಸ್ವಂತ ಫಾರ್ಮ್ಯಾಟಿನಲ್ಲೇ ತೆಗೆಯಿರಿ, ಅದರ ಪ್ಲೇಯರ್ ಸಮೇತ. ಎಲ್ಲ ಕಡೆ ಓಡುತ್ತದೆ ಅಂತ ಎವಿಐ ಅನ್ನುವ ಸಾಮಾನ್ಯ ವಿಡಿಯೋ ಫಾರ್ಮ್ಯಾಟ್ ಆರಿಸಿದರೆ ಕೆಲವು ಪೆಟ್ಟಿಗೆಗಳು ಸಮಯದ ಮಾಹಿತಿಯನ್ನು ಕೈಬಿಡುತ್ತವೆ. ಘಟನೆಯ ಹಿಂದೆ ಮುಂದೆ ಅರ್ಧರ್ಧ ಗಂಟೆಯಾದರೂ ಸೇರಿಸಿ. ಡಿಸ್ಕನ್ನೇ ಬಿಚ್ಚಿ ತರಬೇಕಾದರೆ ರೈಟ್ ಬ್ಲಾಕರ್ (ಡಿಸ್ಕಿನ ಮೇಲೆ ಏನೂ ಬರೆಯದಂತೆ ತಡೆಯುವ ಸಾಧನ) ಇಲ್ಲದೆ ಕಂಪ್ಯೂಟರಿಗೆ ಹಾಕಬೇಡಿ. ಡಿವಿಆರ್ ಡಿಸ್ಕ್ ವಿಂಡೋಸ್‌ಗೆ ಅರ್ಥವಾಗದಿದ್ದರೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಗಡಿಬಿಡಿಯಲ್ಲಿ ಒಂದು ಸಲ ಹೂಂ ಅಂದರೆ ದೊಡ್ಡ ನಷ್ಟ.

ಪ್ರತಿ ತೆಗೆದ ಕೂಡಲೇ ಅಲ್ಲೇ ಹ್ಯಾಶ್ ಹಾಕಿ, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಗುರುತು. ಎಸ್‌ಎಚ್‌ಎ-256 ಅನ್ನುವ ಬಗೆಯಾದರೆ 64 ಅಕ್ಷರ ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. 2024 ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಡಿಜಿಟಲ್ ಸಾಕ್ಷ್ಯಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಈಗ 63ನೇ ಸೆಕ್ಷನ್. ಅದರ ಪ್ರಕಾರ ಸಾಕ್ಷ್ಯದ ಜೊತೆ ಕೊಡುವ ಸರ್ಟಿಫಿಕೇಟಿನಲ್ಲಿ ಎರಡು ಭಾಗ, ಎ ಭಾಗ ಸಾಕ್ಷ್ಯ ಕೊಡುವವರದ್ದು, ಬಿ ಭಾಗ ತಜ್ಞರದ್ದು. ಎರಡರಲ್ಲೂ ಹ್ಯಾಶ್ ಬರೆಯಬೇಕು. ಯಜಮಾನರು ಸಹಿ ಹಾಕುವ ಮೊದಲು ಅದು ಏನು ಅಂತ ಕೂರಿಸಿ ತಿಳಿಸಿ. ನಾಳೆ ಕೋರ್ಟಿನಲ್ಲಿ ಅವರನ್ನೂ ಕೇಳಬಹುದು.

ಇನ್ನು ಜರ್ಕಿನ್ ಮಾತು. ಕತ್ತಲಾದ ಮೇಲೆ ಇಂಥ ಕ್ಯಾಮೆರಾಗಳು ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತವೆ. ಆಗ ಬಣ್ಣ ನಂಬುವ ಹಾಗಿಲ್ಲ. ಕಪ್ಪು ಬಟ್ಟೆಯಲ್ಲಿ ಎಷ್ಟೋ ಬಗೆ ಆ ಬೆಳಕನ್ನು ವಾಪಸ್ ಕಳಿಸಿ ಬೆಳ್ಳಗೆ ಕಾಣುತ್ತವೆ. ಬಾಯಲ್ಲಿ ಹೇಳಿದರೆ ಜನ ಒಪ್ಪುವುದಿಲ್ಲ, ತೋರಿಸಬೇಕು. ಪ್ರತಿ ತೆಗೆದು ಮುಗಿದು ಕತ್ತಲಾದ ಮೇಲೆ, ರೆಕಾರ್ಡಿಂಗ್ ನಿಲ್ಲಿಸಿಯೇ, ಲೈವ್ ಪರದೆಯ ಮುಂದೆ ಎಲ್ಲರನ್ನೂ ಕೂರಿಸಿದೆ. ನನ್ನ ಕಪ್ಪು ಜರ್ಕಿನ್ ಹಾಕಿಕೊಂಡು ಅದೇ ಅಂಗಳದಲ್ಲಿ, ಅದೇ ಕ್ಯಾಮೆರಾ ಮುಂದೆ ನಡೆದೆ. ಒಳಗಿಂದ ಯಜಮಾನರ ಹೆಂಡತಿಯ ದನಿ ಕೇಳಿತು: "ಅಯ್ಯೋ, ಬಿಳಿ ಕಾಣ್ತಿದೆಯಲ್ರೀ!" ಆ ಪರದೆಯನ್ನೂ ಫೋಟೋ ತೆಗೆದು ವರದಿಗೆ ಸೇರಿಸಿದೆ.

ಕಂಡವನು ಉದ್ದ, ಸಣಕಲ ಅಂತಲೂ ಮಾತಿತ್ತು. ವಿಡಿಯೋ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ನೋಡಿದರೆ ಫೈಲಿನ ಅಳತೆ 960×1080. ಇದು 1080 ಲೈಟ್ ಅನ್ನುವ ಬಗೆ, ಅಗಲ ಅರ್ಧ ಮಾತ್ರ ಉಳಿಸುತ್ತದೆ. ತೋರಿಸುವಾಗ 1920ಕ್ಕೆ ಹಿಗ್ಗಿಸದಿದ್ದರೆ ಎಂಥವರೂ ಸಣಕಲು ಕಾಣುತ್ತಾರೆ. ಎತ್ತರ, ಮೈಕಟ್ಟು ಮಾತಾಡುವ ಮೊದಲು ಇದನ್ನು ನೋಡಲೇಬೇಕು.

ಮುಖ ಸ್ಪಷ್ಟ ಮಾಡುತ್ತೇವೆ ಅನ್ನುವ ಎಐ ಆ್ಯಪ್‌ಗಳನ್ನು ದಯವಿಟ್ಟು ಈ ಕೆಲಸಕ್ಕೆ ತರಬೇಡಿ. ಅವು ಇಲ್ಲದ ಕಣ್ಣು, ಇಲ್ಲದ ಅಂಕಿ ಬರೆಯುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ಕೋರ್ಟು 2024ರ ಮಾರ್ಚಿನಲ್ಲಿ ಒಂದು ಕೊಲೆ ಕೇಸಿನಲ್ಲಿ ಅಂಥ ವಿಡಿಯೋವನ್ನು ಸಾಕ್ಷ್ಯ ಅಂತ ಒಪ್ಪಲಿಲ್ಲ. ನಿಂತ ಗಾಡಿಯ ನಂಬರ್ ಓದಬೇಕಾದರೆ ಹಲವು ಫ್ರೇಮ್‌ಗಳ ಸರಾಸರಿ ತೆಗೆಯಿರಿ. ಇದ್ದದ್ದೇ ಸ್ವಲ್ಪ ತಿಳಿಯಾಗುತ್ತದೆ, ಏನೂ ಹುಟ್ಟಿಕೊಳ್ಳುವುದಿಲ್ಲ.

ಹೊರಡುವಾಗ ಯಜಮಾನರು ಕೇಳಿದರು, "ಆ ಟೈಮ್ ಒಂದು ಸರಿ ಮಾಡಿ ಹೋಗ್ತೀರಾ?" ಈಗ ಬೇಡ, ತನಿಖೆಯವರು ಹೇಳುವ ತನಕ ಪೆಟ್ಟಿಗೆ ಇದ್ದ ಹಾಗೇ ಇರಲಿ ಅಂದೆ. ಜನವರಿಯಲ್ಲಿ ಅವರ ಒಪ್ಪಿಗೆ ಸಿಕ್ಕ ಮೇಲೆ ಮತ್ತೆ ಹೋಗಿ ಝೋನ್ ಬದಲಿಸಿ, ಹೊಸ ಸೆಲ್ ಹಾಕಿ ಬಂದೆ. ಆ ಹುಡುಗ ಅದೇ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ.