ಫೈಲ್ ತೆರೆಯಿತು, ಅಕ್ಷರ ಮಾತ್ರ ಕೆಟ್ಟಿತ್ತು

ಐಬಿಎಂ ಐ (ಐಬಿಎಂನ ಒಂದು ಆಪರೇಟಿಂಗ್ ಸಿಸ್ಟಂ) ಮೇಲಿನ ನಮ್ಮ ಆರ್‌ಪಿಜಿ ಭಾಷೆಯ ಪ್ರೋಗ್ರಾಂ, ಐಎಫ್‌ಎಸ್ (ಅದರ ಫೈಲ್ ವ್ಯವಸ್ಥೆ) ಫೋಲ್ಡರ್‌ನಿಂದ ಗ್ರಾಹಕರ ಹೆಸರಿನ ಸಿಎಸ್‌ವಿ ಓದಬೇಕಿತ್ತು. ಫೈಲ್ ತೆರೆಯುವ ಓಪನ್ ಫಂಕ್ಷನ್ ಪ್ರತಿ ಸಲವೂ -1 ಕೊಡುತ್ತಿತ್ತು, ಅಂದರೆ ತೆರೆಯಲಿಲ್ಲ. ಎರ‍್ನೋ (ದೋಷದ ಸಂಖ್ಯೆ) 3025, ಅಂದರೆ ಅಂಥ ಪಾತ್ (ಫೈಲ್ ಇರುವ ವಿಳಾಸ) ಇಲ್ಲ. ಫೈಲ್ ಕಣ್ಣೆದುರೇ ಇತ್ತು! ಅರ್ಧ ದಿನ ಸುಮ್ನೆ ಪರ್ಮಿಷನ್ ಹುಡುಕಿದೆ. ಪಾತ್ ಇಟ್ಟಿದ್ದು 100 ಅಕ್ಷರದ ಫೀಲ್ಡ್‌ನಲ್ಲಿ. ಬಾಲದಲ್ಲಿದ್ದ ಖಾಲಿ ಜಾಗಗಳೂ ಹೆಸರಿನ ಭಾಗವಾಗಿ ಹೋಗುತ್ತಿದ್ದವು. ಅವನ್ನು ಕತ್ತರಿಸುವ ಟ್ರಿಮ್ ಹಾಕಿದೆ, ತೆರೆಯಿತು.

ನಿಜವಾದ ತಲೆನೋವು ಆಮೇಲೆ. ಓದಿದ್ದೆಲ್ಲ ಕಸ. ಡಿಬಗ್‌ನಲ್ಲಿ ಹೆಕ್ಸ್ (ಬೈಟ್‌ಗಳ ಹದಿನಾರರ ಲೆಕ್ಕದ ರೂಪ) ನೋಡಿದೆ. ಇಂಗ್ಲಿಷ್ 'ಎ' ಅಕ್ಷರಕ್ಕೆ 41 ಇತ್ತು. ಈ ಯಂತ್ರ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಎಬ್ಸಿಡಿಕ್‌ನಲ್ಲಿ ಅದು ಸಿ1 ಆಗಿರಬೇಕು. ಅಂದರೆ ಯಾವ ಪರಿವರ್ತನೆಯೂ ಆಗಿರಲಿಲ್ಲ. ಓದುವಾಗ ಪಠ್ಯವನ್ನು ಪರಿವರ್ತಿಸು ಎಂದು ಹೇಳುವ ಟೆಕ್ಸ್ಟ್‌ಡೇಟಾ ಫ್ಲ್ಯಾಗನ್ನು ಓಪನ್‌ಗೆ ಸೇರಿಸಿದೆ. ಇಂಗ್ಲಿಷ್ ಸರಿಯಾಯಿತು, ಕನ್ನಡ ಹೆಸರುಗಳು ಆಗಲಿಲ್ಲ.

ಫೈಲ್‌ಗೆ 819 (ಲ್ಯಾಟಿನ್ ಅಕ್ಷರಗಳದ್ದು) ಅಂತ ಸಿಸಿಎಸ್‌ಐಡಿ ಚೀಟಿ, ಅಂದರೆ ಯಾವ ಅಕ್ಷರ ಸಂಕೇತ ಎಂದು ಹೇಳುವ ಸಂಖ್ಯೆ, ಅಂಟಿತ್ತು. ಒಳಗಿದ್ದದ್ದು ಕನ್ನಡವೂ ಹಿಡಿಯುವ ಯುಟಿಎಫ್-8 ಸಂಕೇತ. ಚೇಂಜ್ ಆಟ್ರಿಬ್ಯೂಟ್ ಕಮಾಂಡ್‌ನಿಂದ ಅದನ್ನು 1208 (ಯುಟಿಎಫ್-8ರ ಸಂಖ್ಯೆ) ಮಾಡಿದೆ. ಇದು ಚೀಟಿಯನ್ನಷ್ಟೇ ಬದಲಿಸುತ್ತದೆ, ಡೇಟಾ ಮುಟ್ಟುವುದಿಲ್ಲ. ಆದರೂ ಪ್ರೋಗ್ರಾಂ ಓಡುತ್ತಿದ್ದ ಜಾಬ್‌ನ ಸಿಸಿಎಸ್‌ಐಡಿ 37 (ಒಂದು ಎಬ್ಸಿಡಿಕ್ ಸಂಕೇತ) ಆಗಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಅಲ್ವಾ? ಕೊನೆಗೆ ಓಪನ್‌ನಲ್ಲೇ 1208 ಕೇಳಿ, ಯುಟಿಎಫ್-8 ಫೀಲ್ಡ್‌ಗೆ ಓದಿಸಿದೆ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ ಫೀಲ್ಡ್ ಉದ್ದವನ್ನೂ ಜಾಸ್ತಿ ಮಾಡಬೇಕಾಯಿತು.