ಫೈಬರ್ ಹೊದಿಸದೆ ಹಳೆ ಮರದ ದೋಣಿಯನ್ನು ನೂಲ ಹುಣ್ಣಿಮೆಗೆ ಇಳಿಸಿದ್ದು

ಹಳೆ ಮರಕ್ಕೆ ಎಣ್ಣೆ, ರಾಳ ಅಂತ ಕೂತರೆ ನೂಲ ಹುಣ್ಣಿಮೆಯ ಸಮುದ್ರ ಪೂಜೆಯ ಹೊತ್ತಿಗೆ ದೋಣಿ ಇಳಿಯುವುದಿಲ್ಲ, ಫೈಬರ್ (ಫೈಬರ್‌ಗ್ಲಾಸ್) ಹೊದಿಸು ಅಂತ ದಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ಹೇಳದವರಿಲ್ಲ. ದೋಣಿ ಇಳಿಯಿತು. ಈಗ ದಿನಕ್ಕೆ ಅರ್ಧ ಬಕೆಟ್ ನೀರು ಎತ್ತಿ ಹಾಕಿದರೆ ಮುಗಿಯಿತು.

22 ಅಡಿ ದೋಣಿಗೆ ಫೈಬರ್ ರೇಟು 60-70 ಸಾವಿರ ಹೇಳಿದ್ದರು. ನನಗೆ ಕೂಲಿ ಸೇರಿ 20 ಸಾವಿರದ ಆಸುಪಾಸು ಆಯಿತು. ಹಿಂದೆ ಮೂತಿಯ ಹತ್ತಿರ ಹಾಕಿಸಿದ್ದ ಫೈಬರ್ ತೇಪೆ ಕಿತ್ತಾಗ ಒಳಗಿನ ಹಲಗೆ ಬೆಂದ ಗೆಣಸಿನಂತಿತ್ತು. ಮರ ಉಬ್ಬಿ ಕುಗ್ಗುತ್ತದೆ, ಫೈಬರ್ ಹಾಗಲ್ಲ. ಸಂದಿಯಲ್ಲಿ ನುಗ್ಗಿದ ನೀರಿಗೆ ಹೊರಬರುವ ದಾರಿಯೇ ಇರುವುದಿಲ್ಲ.

ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುವ ಜೂನ್-ಜುಲೈಯ 61 ದಿನವೇ ಈ ಕೆಲಸಕ್ಕೂ ಸಿಗುವ ಕಾಲ. ಮರಾಠರ ಗುರಾಬು, ಗಲ್ಬತು ಎಂಬ ಯುದ್ಧದ ಹಡಗುಗಳೂ ಮಳೆಗಾಲಕ್ಕೆ ದಡ ಸೇರುತ್ತಿದ್ದವು. ಮೊದಲ ಮಳೆಗಳಿಗೆ ದೋಣಿಯನ್ನು ತೆರೆದೇ ಇಟ್ಟು ಉಪ್ಪು ತೊಳೆಸಿ. ಉಪ್ಪು ಉಳಿದ ಮರ ತೇವ ಎಳೆಯುತ್ತಲೇ ಇರುತ್ತದೆ, ಎಣ್ಣೆ ಕುಡಿಯುವುದಿಲ್ಲ. ಆಮೇಲೆ ಮಾಡಿನ ಕೆಳಗೆ ಮಗುಚಿ, ನೆಲದಿಂದ ಒಂದಡಿ ಎತ್ತರಕ್ಕೆ. ಟಾರ್ಪಾಲು ಸುತ್ತಿದರೆ ಬೂಸರು ಗ್ಯಾರಂಟಿ.

ಅಡಿಗೆ ಅಂಟಿದ ಚಿಪ್ಪು ಕೆರೆದು, ಒಣ ಮಡಲಿನ (ತೆಂಗಿನ ಗರಿಯ) ಸೂಟೆ ಹಿಡಿದು ಅಡಿಭಾಗ ಕಾಯಿಸಬೇಕು. ಒಂದೇ ಕಡೆ ನಿಲ್ಲಿಸಬಾರದು. ಹಲಗೆಯಿಂದ ನೀರು ಗುಳ್ಳೆಯೆದ್ದರೆ ಸಾಕು, ಮುಂದೆ ಸರಿಯಿರಿ. ಕೊರೆಹುಳದ ತೂತು ಹೊರಗೆ ಸೂಜಿಮೊನೆಯಷ್ಟು ಕಂಡರೂ ಒಳಗೆ ಬೆರಳು ಹೋಗುವಷ್ಟಿರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ, ಟೊಳ್ಳು ಸದ್ದು ಬಂದಷ್ಟನ್ನೂ ಕತ್ತರಿಸಿ ಹೆಬ್ಬಲಸಿನ (ಕಾಡುಹಲಸಿನ) ಮರದ ತುಂಡು ಕೂರಿಸಿ, ತಾಮ್ರದ ಮೊಳೆ ಹೊಡೆಯಿರಿ.

ಹೆಚ್ಚಿನವರ ಕೆಲಸ ಕೆಡುವುದು ನೀರು ಸೋರದಂತೆ ಹಲಗೆಗಳ ಸಂದಿಗೆ ಹತ್ತಿ ತುಂಬುವಾಗ. ಒಣ ಮರದ ಸಂದಿಗೆ ಬಿಗಿದು ಬಡಿದರೆ, ನೀರಿಗಿಳಿದ ಮೇಲೆ ಹಲಗೆ ಉಬ್ಬಲು ಜಾಗವಿಲ್ಲದೆ ಮೊಳೆಯ ತಲೆಯೇ ಮೇಲೇಳುತ್ತದೆ. ಬತ್ತಿ ಹೊಸೆದು, ಉಳಿ ಸ್ವಲ್ಪ ಎದುರು ಒತ್ತುವವರೆಗೆ ಮಾತ್ರ ತುಂಬಿ. ಮೇಲೆ ರಾಳ: ಕಿಲೋಗೆ ಅಂದಾಜು ಅರ್ಧ ಲೀಟರ್ ಎಣ್ಣೆ. ಒಂದು ಹನಿ ತಣ್ಣೀರಿಗೆ ಬಿಟ್ಟು ಬಗ್ಗಿಸಿ. ಮುರಿದರೆ ಎಣ್ಣೆ ಕಡಿಮೆ, ಬೆರಳಿಗೆ ಅಂಟಿದರೆ ಜಾಸ್ತಿ. ಕಾಯಿಸುವುದು ಬಯಲಲ್ಲೇ, ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಮರಳು ಹಾಕಿ. ರಾಳವನ್ನು ಬೆಂಕಿಯಿಂದ ಇಳಿಸುವ ಮುಂಚೆ ನಾನು ಸೇರಿಸುವ ಒಂದು ಪುಡಿ ನನ್ನಲ್ಲೇ ಇರಲಿ, ಅದಿಲ್ಲದೆಯೂ ರಾಳ ನಿಲ್ಲುತ್ತದೆ.

ಹೊರಗೆ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯದು), ಒಳಗೆ ಬೂತಾಯಿ ಮೀನಿನ ಎಣ್ಣೆ, ಎರಡೂ ಸೇರಿ ಹತ್ತು ಹನ್ನೆರಡು ಲೀಟರ್. ತೆಳ್ಳಗೆ ಮೂರು ಸಲ. ಮರ ಬೆಚ್ಚಗಿರುವಾಗಲೇ ಹಚ್ಚಿ. ದಪ್ಪ ಹಚ್ಚಿದ ಹಲಗೆ ಆಟಿ ತಿಂಗಳ ಮಳೆಯಲ್ಲಿ ವಾರವಾದರೂ ಅಂಟಂಟು. ಗೇರು ಎಣ್ಣೆ ಚರ್ಮಕ್ಕೆ ತಗುಲಿದರೆ ಬೊಕ್ಕೆ ಏಳುತ್ತದೆ, ಕೈಗವಸು ಬೇಕೇ ಬೇಕು.

ಒಂದು ಹಲಗೆಗೆ ಬೇವಿನೆಣ್ಣೆ ಹಚ್ಚಿ ನೋಡಿದೆ. ಚಿಪ್ಪು ಮಾಮೂಲಿನಂತೆ ಹಿಡಿಯಿತು, 900 ರೂಪಾಯಿ ಹೋಯಿತು. ಅಡಿಯ ಮರಕ್ಕೆ ಸುಣ್ಣ-ಎಣ್ಣೆ ಚೆನ್ನಾಗಿಯೇ ನಿಂತಿತ್ತು, ಮರಳು ಉಜ್ಜುವ ಕಡೆ ಮಾತ್ರ ಎದ್ದು ಬಂತು. ಅದನ್ನು ಇನ್ನೊಮ್ಮೆ ಮಾಡಬೇಕೆಂದಿದ್ದೇನೆ.

ಹಾಲು, ತೆಂಗಿನಕಾಯಿ ಕಡಲಿಗೆ ಅರ್ಪಿಸಿದ ಮೇಲೆ ದೋಣಿಯನ್ನು ನೇರ ಆಳಕ್ಕೆ ಒಯ್ಯಬೇಡಿ. ಒಳಗೆ ನಾಲ್ಕೈದು ಕೊಡ ನೀರು ಸುರಿದು, ಎರಡು ಭರತ (ಉಬ್ಬರ) ಕಳೆಯುವವರೆಗೆ ಕಿರುನೀರಿನಲ್ಲೇ ಕಟ್ಟಿ. ಮೊದಲ ದಿನ ಎಲ್ಲ ಸಂದಿಯೂ ಜಿನುಗುತ್ತದೆ, ಉಳಿ ಎತ್ತಿಕೊಳ್ಳಬೇಡಿ. ಮೂರನೇ ದಿನವೂ ಸೋರುವ ಜಾಗಕ್ಕೆ ಮಾತ್ರ ಗುರುತು ಹಾಕಿ, ದೋಣಿ ಎತ್ತಿ ಅಲ್ಲಿಗೆ ಹೊಸ ಬತ್ತಿ ತುಂಬಿ.